ಎರಡನೆಯ ಸಬ್‌ವೂಫರ್ ಯಾರಿಗಾಗಿ?

ಟಿ.ವಿ. ಕೋಣೆಯಲ್ಲಿ ಎರಡು ಸಬ್‌ವೂಫರ್ (ತಗ್ಗು ಸ್ವರ, ಅಂದರೆ ಬಾಸ್, ಹೊರಡಿಸುವ ಸ್ಪೀಕರ್ ಪೆಟ್ಟಿಗೆ) ಇಟ್ಟುಕೊಂಡವನನ್ನು ಜನ ಎರಡೇ ಬಗೆಯಲ್ಲಿ ಕಾಣುತ್ತಾರೆ: ದುಡ್ಡು ಹೆಚ್ಚಾದವನು, ಇಲ್ಲವೇ ಕಿವಿ ಮಂದವಾದವನು. ನೀರ್ಚಾಲು, ಪೆರ್ಲ ಕಡೆಯಿಂದ ಬರುವ ನೆಂಟರು ಪರದೆಯ ಕೆಳಗಿರುವ ಕಪ್ಪು ಪೆಟ್ಟಿಗೆಯನ್ನು ಕಂಡು ಸುಮ್ಮನಿರುತ್ತಾರೆ. ಸೋಫಾದ ಹಿಂದೆ ಅಂಥದೇ ಇನ್ನೊಂದು ಇರುವುದು ಕಂಡ ಮೇಲೆ ಮಾತ್ರ ಪ್ರಶ್ನೆ ಹುಟ್ಟುತ್ತದೆ. "ಒಂದು ಸಾಲದೇ ಭಾವ? ಇನ್ನೂ ಜೋರು ಮಾಡಲಿಕ್ಕೋ?"

ಜೋರು ಮಾಡಲಿಕ್ಕಲ್ಲ. ಎರಡನೆಯದು ಬಂದ ಮೇಲೆ ನಮ್ಮ ಮನೆಯಲ್ಲಿ ವಾಲ್ಯೂಮ್ ಇಳಿದಿದೆ. ಅದು ನನಗಾಗಿ ತಂದದ್ದೂ ಅಲ್ಲ. ನಾನೊಬ್ಬನೇ ಕುಳಿತು ಸಿನಿಮಾ ನೋಡುವವನಾಗಿದ್ದರೆ, ಒಂದೇ ಸಬ್‌ವೂಫರಿಗೆ ಸರಿಯಾದ ಜಾಗ ಹುಡುಕಿ, ನನ್ನ ಕುರ್ಚಿಗೂ ಸರಿಯಾದ ಜಾಗ ಹುಡುಕಿ ನೆಮ್ಮದಿಯಾಗಿ ಇರುತ್ತಿದ್ದೆ. ಆದರೆ ಸೋಫಾದ ಎಡತುದಿಯಲ್ಲಿ ಚಿಕ್ಕಮ್ಮ ಕೂರುತ್ತಾರೆ, ಬಲತುದಿಯಲ್ಲಿ ಮಗಳು. ಅವರಿಬ್ಬರು ಕೇಳುತ್ತಿದ್ದ ಸಿನಿಮಾ ನಾನು ನಡುವೆ ಕುಳಿತು ಕೇಳುತ್ತಿದ್ದ ಸಿನಿಮಾ ಆಗಿರಲಿಲ್ಲ. ಇದು ರೂಪಕವಲ್ಲ, ಅಳೆದು ನೋಡಬಹುದಾದ ಸಂಗತಿ.

ತಗ್ಗು ಸ್ವರ ಹೇಗಿರಬೇಕು ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜನವರಿಯಲ್ಲಿ ಕುಂಬಳೆ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆಯ ಬೆಡಿ (ಸಿಡಿಮದ್ದು) ನೋಡಿದವರಿಗೆ ಅದು ಗೊತ್ತು. ಮೊದಲು ಬೆಳಕು, ಆಮೇಲೆ ಎದೆಗೂಡಿಗೆ ಒಂದು ಗುದ್ದು, ಅದರ ಜೊತೆಗೇ ಕಿವಿಗೆ ಶಬ್ದ. ಗುದ್ದು ಎಷ್ಟೇ ದೊಡ್ಡದಾಗಿದ್ದರೂ ಅದು ಬಂದಷ್ಟೇ ವೇಗವಾಗಿ ಹೋಗಿಬಿಡುತ್ತದೆ. ಗದ್ದೆಬಯಲಿನ ಮೇಲೆ ಆಕಾಶವೇ ಮಾಡು; ಶಬ್ದಕ್ಕೆ ತಾಗಿ ಹಿಂದಿರುಗಲು ಹತ್ತಿರದಲ್ಲಿ ಗೋಡೆಯಿಲ್ಲ. ಆದ್ದರಿಂದಲೇ ಒಂದು ಸಿಡಿತಕ್ಕೂ ಮುಂದಿನದಕ್ಕೂ ನಡುವೆ ನಿಜವಾದ ಮೌನ ಇರುತ್ತದೆ. ಹೋಮ್ ಥಿಯೇಟರ್ ಮಾರುವವರು ಹೇಳುವ "ಎದೆ ನಡುಗಿಸುವ ಬಾಸ್" ಎಂಬ ಮಾತಿನಲ್ಲಿ ಈ ಮೌನದ ಲೆಕ್ಕವೇ ಇರುವುದಿಲ್ಲ. ನಡುಗಿಸುವುದು ಸುಲಭ. ನಡುಗಿಸಿ ನಿಲ್ಲಿಸುವುದು ಕಷ್ಟ.

ಕಷ್ಟಕ್ಕೆ ಕಾರಣ ಅಲೆಯ ಉದ್ದ. ನಮ್ಮ ಕರಾವಳಿಯ 28 ಡಿಗ್ರಿ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 348 ಮೀಟರ್ ಓಡುತ್ತದೆ. ಹಾಗಾದರೆ 20 ಹರ್ಟ್ಸ್ (ಸೆಕೆಂಡಿಗೆ 20 ಕಂಪನ) ಸ್ವರದ ಒಂದು ಅಲೆ 17 ಮೀಟರಿಗೂ ಹೆಚ್ಚು ಉದ್ದ; 80 ಹರ್ಟ್ಸಿನದು 4.35 ಮೀಟರ್. ನಮ್ಮ ಟಿ.ವಿ. ಕೋಣೆ 6 ಮೀಟರ್ ಉದ್ದ, 4.2 ಮೀಟರ್ ಅಗಲ, 3 ಮೀಟರ್ ಎತ್ತರ. ಕೋಣೆಗಿಂತ ದೊಡ್ಡದಾದ ಅಲೆ ಕೋಣೆಯೊಳಗೆ ಪ್ರಯಾಣ ಮಾಡುವುದಿಲ್ಲ, ಎದುರುಬದುರು ಗೋಡೆಗಳ ನಡುವೆ ಸಿಕ್ಕಿಬೀಳುತ್ತದೆ. ಗೋಡೆಗಳ ನಡುವಿನ ದೂರ ಅಲೆಯ ಅರ್ಧಕ್ಕೆ ಸರಿಹೊಂದಿತೋ, ಆ ಸ್ವರ ಅಲ್ಲೇ ನಿಂತು ಮೊರೆಯತೊಡಗುತ್ತದೆ. ನಮ್ಮ ಕೋಣೆಯ ಉದ್ದಕ್ಕೆ ಈ ಸ್ವರ 29 ಹರ್ಟ್ಸ್, ಅಗಲಕ್ಕೆ 41, ಎತ್ತರಕ್ಕೆ 58. ಇವು ಸ್ಪೀಕರಿನ ಗುಣವಲ್ಲ. ಮೇಸ್ತ್ರಿ ನೂಲು ಹಿಡಿದ ದಿನವೇ ತೀರ್ಮಾನವಾದ ಸ್ವರಗಳು.

ನಿಂತ ಅಲೆಗೆ ಒಂದು ಸ್ವಭಾವವಿದೆ. ಗೋಡೆಗಳ ಬಳಿ ಅದರ ಒತ್ತಡ ಅತಿ ಹೆಚ್ಚು, ಎರಡು ಗೋಡೆಗಳ ನಟ್ಟನಡುವೆ ಬಹುತೇಕ ಸೊನ್ನೆ. 41 ಹರ್ಟ್ಸನ್ನೇ ತೆಗೆದುಕೊಳ್ಳಿ. ನಾಲ್ಕು ತಂತಿಯ ಬಾಸ್ ಗಿಟಾರಿನ ಅತ್ಯಂತ ದಪ್ಪದ ತಂತಿಯನ್ನು ಬೆರಳಿಡದೆ ಮೀಟಿದರೆ ಬರುವುದು ಇದೇ 41 ಹರ್ಟ್ಸ್. ಸಬ್‌ವೂಫರ್ ಮುಂದಿನ ಮೂಲೆಯಲ್ಲಿತ್ತು ಎನ್ನಿ. ಆಗ ಸೋಫಾದ ಎರಡು ತುದಿಗಳಲ್ಲಿ ಕುಳಿತವರಿಗೆ ಆ ತಂತಿ ಬೇರೆ ವಾದ್ಯಗಳನ್ನೆಲ್ಲ ನುಂಗುವಷ್ಟು ಕೇಳಿಸುತ್ತದೆ. ನಡುವೆ ಕುಳಿತವನಿಗೆ ವಾದಕ ಆ ತಂತಿಯನ್ನು ಮುಟ್ಟಲೇ ಇಲ್ಲವೇನೋ ಅನ್ನಿಸುತ್ತದೆ. ಮನೆಯಲ್ಲಿ ರಿಮೋಟ್ ಇರುವುದು ಸಾಮಾನ್ಯವಾಗಿ ನಡುವೆ ಕುಳಿತವನ ಕೈಯಲ್ಲಿ. ಅವನು ಬಾಸ್ ಸಾಲದೆಂದು ಏರಿಸುತ್ತಾನೆ. ತುದಿಯಲ್ಲಿರುವ ಚಿಕ್ಕಮ್ಮ ತಲೆನೋವೆಂದು ಎದ್ದು ಹೋಗುತ್ತಾರೆ. ಇಬ್ಬರೂ ಹೇಳುವುದು ಸರಿಯೇ.

ಇಂಗ್ಲಿಷಿನಲ್ಲಿ ಈ ವಿಷಯದ ಬಗ್ಗೆ ಬರೆಯುವವರಲ್ಲಿ ಬಹುಪಾಲು ಜನ ಅಮೆರಿಕದವರು. ಅವರ ಮನೆಯ ಒಳಗೋಡೆಗಳು ಮರದ ಚೌಕಟ್ಟಿನ ಮೇಲೆ ಜಿಪ್ಸಮ್ ಹಲಗೆ ಬಡಿದು ಮಾಡಿದವು. ತಗ್ಗು ಸ್ವರ ತಾಗಿದಾಗ ಅಂಥ ಗೋಡೆ ತಾನೂ ಸ್ವಲ್ಪ ಅಲುಗಿ, ಅಷ್ಟು ಶಕ್ತಿಯನ್ನು ನುಂಗಿಬಿಡುತ್ತದೆ. ಕಾಸರಗೋಡಿನ ಮುರಕಲ್ಲಿನ ಗೋಡೆ ಹಾಗೆ ಯಾರಿಗೂ ಬಗ್ಗುವುದಲ್ಲ. ಅದಕ್ಕೆ ಸಿಮೆಂಟು ಸಾರಣೆ, ಮೇಲೆ ಕಾಂಕ್ರೀಟು ತಾರಸಿ, ಕೆಳಗೆ ಟೈಲ್ಸ್. ಬಂದ ಶಬ್ದವನ್ನು ಬಂದ ಹಾಗೆಯೇ ಹಿಂದಕ್ಕೆ ಕೊಡುತ್ತದೆ. ಹೀಗಾಗಿ ನಮ್ಮ ಹೊಸ ಮನೆಗಳಲ್ಲಿ ಈ ಮೊರೆತ ಅವರ ಮನೆಗಳಿಗಿಂತ ಹರಿತ, ಹೆಚ್ಚು ಹೊತ್ತು ಎಳೆಯುವಂಥದು. ಅವರು "ದಪ್ಪ ಕಾರ್ಪೆಟ್ ಹಾಸಿ, ಪರದೆ ಹಾಕಿ" ಎಂದರೆ ನಂಬಬೇಡಿ. ಬಟ್ಟೆಯಿಂದ ಮೇಲಿನ ಸ್ವರಗಳ ಪ್ರತಿಧ್ವನಿ ಇಳಿಯುತ್ತದೆ. 29 ಹರ್ಟ್ಸಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಮ್ಮ ಮಳೆಗಾಲದಲ್ಲಿ ಕಾರ್ಪೆಟ್ ಹಾಸಿದರೆ ಸಿಗುವುದು ಬೂಷ್ಟು ಮಾತ್ರ.

ಭಾವನ ಮನೆ ಇದಕ್ಕೆ ತದ್ವಿರುದ್ಧ. ಹಳೆಯ ಹಂಚಿನ ಮನೆ. ಚಾವಡಿಯಿಂದ ನಡುಕೋಣೆಗೆ, ಅಲ್ಲಿಂದ ಜಗಲಿಗೆ ಬಾಗಿಲುಗಳೆಲ್ಲ ಸದಾ ತೆರೆದೇ ಇರುತ್ತವೆ. ಮೇಲೆ ಮರದ ಅಟ್ಟ, ಅದರ ಮೇಲೆ ಹಂಚು. ತಗ್ಗು ಸ್ವರ ಅಲ್ಲಿ ನಿಲ್ಲುವುದೇ ಇಲ್ಲ, ಸಂದಿಗಳಲ್ಲಿ ಸೋರಿ ತೋಟಕ್ಕೆ ಹೋಗುತ್ತದೆ. ಬಾಸ್ ಅಷ್ಟು ಸ್ವಚ್ಛವಾಗಿ ನಮ್ಮ ಮನೆಯಲ್ಲಿ ಎಂದೂ ಕೇಳಿಲ್ಲ, ಆದರೆ ಅಷ್ಟು ತೆಳ್ಳಗೂ ಕೇಳಿಲ್ಲ. ಅಲ್ಲಿ ಎರಡನೆಯ ಸಬ್‌ವೂಫರ್ ಇಟ್ಟರೆ ಅದು ಬಲಕ್ಕಾಗಿ, ನಿಜವಾಗಿಯೂ ಜೋರು ಮಾಡಲಿಕ್ಕೆ. ಒಂದೇ ರೀತಿಯ ಎರಡನ್ನು ಅಕ್ಕಪಕ್ಕ ಇಟ್ಟು ಒಂದೇ ಸಂಕೇತ ಕೊಟ್ಟರೆ ಶಬ್ದದ ಮಟ್ಟ, ಅದನ್ನು ಅಳೆಯುವ ಡೆಸಿಬಲ್ ಲೆಕ್ಕದಲ್ಲಿ, 6 ಡೆಸಿಬಲ್ ಏರುತ್ತದೆ. ಆ ಮನೆಗೆ ಹೇಳುವ ಉಪಾಯ ಈ ಮನೆಗೆ ಹೊಂದುವುದಿಲ್ಲ. ಎರಡು ಬೇಕೋ ಒಂದು ಸಾಕೋ ಎಂದು ಅಂಗಡಿಯವನನ್ನು ಕೇಳುವ ಮೊದಲು ತಲೆಯೆತ್ತಿ ಮಾಡು ನೋಡಬೇಕು.

ಕಾಂಕ್ರೀಟು ಪೆಟ್ಟಿಗೆಯಂಥ ನಮ್ಮ ಕೋಣೆಗೆ ಬರುತ್ತೇನೆ. ಮುಂದಿನ ಮೂಲೆಯಲ್ಲಿದ್ದ ಸಬ್‌ವೂಫರನ್ನು ಮುಂದಿನ ಗೋಡೆಯ ನಡುವಿಗೆ ಸರಿಸಿದರೆ ಅರ್ಧ ಕೆಲಸ ಬಿಟ್ಟಿಯಾಗಿ ಆಗುತ್ತದೆ. ಅಗಲದ ಅಲೆಯ ಒತ್ತಡ ಸೊನ್ನೆಯಾಗುವುದು ಅಲ್ಲಿಯೇ. ಆ ಜಾಗದಿಂದ ಅದನ್ನು ಎಬ್ಬಿಸಲಾಗುವುದಿಲ್ಲ. 41 ಹರ್ಟ್ಸಿನ ಜಗಳ ಅಲ್ಲಿಗೆ ತಣ್ಣಗಾಗುತ್ತದೆ. ಉಳಿಯುವುದು ಉದ್ದದ 29. ಅದನ್ನು ಮುಂದಿನ ಗೋಡೆಯ ಸಬ್‌ವೂಫರ್ ಭರ್ಜರಿಯಾಗಿ ಎಬ್ಬಿಸುತ್ತದೆ, ಹಿಂದಿನ ಗೋಡೆಗೆ ಒರಗಿದ ಸೋಫಾದಲ್ಲಿ ಅದು ಭರ್ಜರಿಯಾಗಿಯೇ ಕೇಳಿಸುತ್ತದೆ. ಎರಡನೆಯದು ಬೇಕಾಗುವುದು ಇಲ್ಲಿ, ಹಿಂದಿನ ಗೋಡೆಯ ನಟ್ಟನಡುವೆ. ಚಾವಡಿಯ ಉಯ್ಯಾಲೆಯನ್ನು ಆ ಬದಿಯಿಂದ ಒಬ್ಬ, ಈ ಬದಿಯಿಂದ ಒಬ್ಬ ಒಂದೇ ಕ್ಷಣಕ್ಕೆ ಒಂದೇ ಬಲದಲ್ಲಿ ನೂಕಿದರೆ ಅದು ಕದಲುವುದಿಲ್ಲ. ಇಲ್ಲೂ ಅಷ್ಟೇ. ಉದ್ದದ ಮೊದಲ ಅಲೆಯಲ್ಲಿ ಮುಂದಿನ ಗೋಡೆಯ ಬಳಿ ಒತ್ತಡ ಏರಿದಾಗ ಹಿಂದಿನ ಗೋಡೆಯ ಬಳಿ ಇಳಿಯಲೇಬೇಕು. ಎರಡೂ ಕಡೆ ಒಟ್ಟಿಗೆ ಏರಿಸಲು ಹೊರಟರೆ ಆ ಅಲೆ ಏಳುವುದೇ ಇಲ್ಲ. ಸ್ವರ ಮಾಯವಾಗುವುದಿಲ್ಲ ಎಂಬುದನ್ನು ಗಮನಿಸಿ. 29 ಹರ್ಟ್ಸ್ ಆಗಲೂ ಕೇಳಿಸುತ್ತದೆ. ಮೊರೆತ ಮಾತ್ರ ಹೋಗಿರುತ್ತದೆ.

ಇದು ನನ್ನ ಸ್ವಂತ ಕಂಡುಹಿಡಿತವೇನಲ್ಲ. ಧ್ವನಿ ಉಪಕರಣ ತಯಾರಿಸುವ ಹರ್ಮನ್ ಕಂಪನಿಯ ಸಂಶೋಧಕ ಟಾಡ್ ವೆಲ್ಟಿ 2002ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದಲ್ಲಿ ಮಂಡಿಸಿದ ಪ್ರಬಂಧದ ಪ್ರಶ್ನೆಯೇ ಎಷ್ಟು ಸಬ್‌ವೂಫರ್ ಇದ್ದರೆ ಸಾಕು ಎಂಬುದಾಗಿತ್ತು. ಆಯತಾಕಾರದ ಕೋಣೆಯಲ್ಲಿ ಬೇರೆ ಬೇರೆ ಸಂಖ್ಯೆಯನ್ನು ಬೇರೆ ಬೇರೆ ಜಾಗಗಳಲ್ಲಿಟ್ಟು, ಒಂದು ಆಸನಕ್ಕೂ ಇನ್ನೊಂದಕ್ಕೂ ಕೇಳುವುದರಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಅವರು ಲೆಕ್ಕ ಹಾಕಿದರು. ನಾಲ್ಕೂ ಗೋಡೆಗಳ ನಡುಭಾಗದಲ್ಲಿ ಒಂದೊಂದರಂತೆ ನಾಲ್ಕು ಇಟ್ಟರೆ ಬಹಳ ಒಳ್ಳೆಯದು, ಎದುರುಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದರಂತೆ ಎರಡು ಇಟ್ಟರೂ ಹೆಚ್ಚುಕಡಿಮೆ ಅಷ್ಟೇ ಒಳ್ಳೆಯದು, ನಾಲ್ಕರ ಮೇಲೆ ಏರಿಸಿ ಸಿಗುವ ಲಾಭ ಅಲ್ಪ ಎಂಬುದು ತಾತ್ಪರ್ಯ. ಅವರು ಅಳೆದದ್ದು ಜೋರನ್ನಲ್ಲ, ಆಸನಗಳ ನಡುವಿನ ತಾರತಮ್ಯವನ್ನು. ಈ ಒಂದು ಸಂಗತಿಯನ್ನು ಜಾಹೀರಾತುಗಳು ಎಲ್ಲಿಯೂ ಹೇಳುವುದಿಲ್ಲ.

"ಅಷ್ಟಕ್ಕೆಲ್ಲ ಇನ್ನೊಂದು ಯಾಕೆ, ರಿಸೀವರಿನಲ್ಲಿ ಈಕ್ವಲೈಜರ್ ಇದೆಯಲ್ಲ" ಎನ್ನುವವರಿದ್ದಾರೆ. (ರಿಸೀವರ್ ಎಂದರೆ ಸ್ಪೀಕರುಗಳಿಗೆಲ್ಲ ಶಬ್ದ ಹಂಚುವ ಪೆಟ್ಟಿಗೆ; ಈಕ್ವಲೈಜರ್ ಎಂದರೆ ಬೇಕಾದ ಸ್ವರವನ್ನಷ್ಟೇ ಏರಿಸುವ, ಇಳಿಸುವ ಸೌಲಭ್ಯ.) ಕಾಸರಗೋಡಿನಲ್ಲಿ ನನಗೆ ಈ ಪೆಟ್ಟಿಗೆಗಳ ಹುಚ್ಚು ಹಿಡಿಸಿದ ಎಲೆಕ್ಟ್ರಿಷಿಯನ್ ಗೆಳೆಯನದೂ ಇದೇ ವಾದ. ಅವನಿಗೆ ನಾನು ಕೊಡುವ ಉತ್ತರ: ಈಕ್ವಲೈಜರಿಗೆ ಆಸನಗಳ ಗೊತ್ತುಗುರಿಯಿಲ್ಲ. ನಡುವಿನ ಆಸನದಲ್ಲಿ 41 ಹರ್ಟ್ಸ್ ಸಾಲದೆಂದು ಏರಿಸಿದರೆ ಇಡೀ ಕೋಣೆಗೆ ಏರುತ್ತದೆ. ತುದಿಯವರ ಪಾಡು ಮೊದಲಿಗಿಂತ ಕೆಡುತ್ತದೆ. ಮೇಲಾಗಿ ಅಲೆ ಸೊನ್ನೆಯಾಗುವ ಜಾಗಕ್ಕೆ ಎಷ್ಟು ಸುರಿದರೂ ಅದು ತುಂಬುವುದಿಲ್ಲ. 10 ಡೆಸಿಬಲ್ ಏರಿಸುವುದೆಂದರೆ ಆಂಪ್ಲಿಫಯರಿನಿಂದ ಹತ್ತು ಪಟ್ಟು ವಿದ್ಯುತ್ ಬೇಡುವುದು. 100 ವಾಟ್ ಸಾಕಾಗುತ್ತಿದ್ದಲ್ಲಿ 1000 ವಾಟ್ ಕೊಟ್ಟು ನಡುವಿನ ಕುರ್ಚಿಗೆ ಸಿಗುವುದು ಏನೂ ಇಲ್ಲ. ಎರಡು ಸಬ್‌ವೂಫರ್ ಇಟ್ಟು ಮೂರೂ ಆಸನಗಳಲ್ಲಿ ಅಳೆದ ಬಾಸಿನ ಗೆರೆ ಒಂದೇ ಆಕಾರಕ್ಕೆ ಬಂತೆನ್ನಿ, ಈಕ್ವಲೈಜರಿನ ನಿಜವಾದ ಕೆಲಸ ಆಗ ಶುರು. ಎಲ್ಲರಿಗೂ ಒಂದೇ ಕಡೆ ಉಬ್ಬಿದ್ದರೆ ಅದನ್ನು ಒಂದೇ ಏಟಿಗೆ ತಗ್ಗಿಸಬಹುದು.

ನಮ್ಮಲ್ಲಿ ಅಂಥ ಉಬ್ಬು ಒಂದು ಉಳಿದೇ ಇತ್ತು, 58 ಹರ್ಟ್ಸಿನಲ್ಲಿ. ಕೋಣೆಯ ಉದ್ದ ಎತ್ತರದ ಸರಿಯಾಗಿ ಎರಡು ಪಟ್ಟು; ಹಾಗಾಗಿ ಉದ್ದದ ಎರಡನೆಯ ಅಲೆಯೂ (ಅರ್ಧದ ಬದಲು ಇಡೀ ಅಲೆಯೇ ಉದ್ದಕ್ಕೆ ಸರಿಹೊಂದುವಂಥದು) ಎತ್ತರದ ಮೊದಲ ಅಲೆಯೂ ಒಂದೇ ಸ್ವರದ ಮೇಲೆ ಬಂದು ಕೂತಿವೆ. ಉದ್ದದ ಎರಡನೆಯ ಅಲೆಯಲ್ಲಿ ಎರಡು ಕೊನೆಗಳೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಆದ್ದರಿಂದ ಮುಂದೆ ಹಿಂದೆ ಇಟ್ಟ ಜೋಡಿ ಅದನ್ನು ಅಡಗಿಸುವ ಬದಲು ಹುರಿದುಂಬಿಸುತ್ತದೆ. ಮನೆ ಕಟ್ಟಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಟಿ.ವಿ. ಕೋಣೆಯ ಮೂರು ಅಳತೆಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟಾಗದಂತೆ ನೋಡಿಕೊಳ್ಳಿ. ಖರ್ಚಿಲ್ಲದ ಕೆಲಸ. ವಾಸ್ತು ನೋಡುವವರು ಹೇಗೂ ಒಂದೆರಡು ಅಂಗುಲ ಆಚೀಚೆ ಮಾಡಿಸುತ್ತಾರೆ. ಜೊತೆಗೆ ಇದನ್ನೂ ಸೇರಿಸಬಹುದು.

ಅಳೆಯುವುದಕ್ಕೆ ದೊಡ್ಡ ಸಲಕರಣೆ ಬೇಕಾಗಿಲ್ಲ. ಯುಮಿಕ್-1 ಎಂಬ ಯುಎಸ್‌ಬಿ ಮೈಕ್, ರೂಮ್ ಇಕ್ಯು ವಿಝರ್ಡ್ ಎಂಬ ಉಚಿತ ತಂತ್ರಾಂಶ, ಒಂದು ಲ್ಯಾಪ್‌ಟಾಪ್. ಮೈಕನ್ನು ಕಿವಿಯ ಎತ್ತರಕ್ಕೆ ನಿಲ್ಲಿಸಿ, 15 ಹರ್ಟ್ಸಿನಿಂದ 200ರವರೆಗೆ ಏರುತ್ತ ಹೋಗುವ ಸ್ವರವನ್ನು ಬಿಟ್ಟರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಒಂದೊಂದು ಆಸನಕ್ಕೂ ಒಂದೊಂದು ಗೆರೆ. ಅದನ್ನು ಮಾಡುವಾಗ ಮನೆಯ ಇನ್ನೊಂದು ಮುಖವೂ ಕಾಣುತ್ತದೆ. ಸ್ವರ ಮೊದಲು ನೆಲದಡಿಯಲ್ಲಿ ಹರಿದಂತೆ ಅನ್ನಿಸಿ, ನಿಧಾನಕ್ಕೆ ಏರುತ್ತದೆ. ಎಲ್ಲೋ ಒಂದು ಕಡೆ ಷೋಕೇಸಿನ ಗಾಜಿನ ಬಾಗಿಲು ಗಡಗಡ ಎನ್ನುತ್ತದೆ. ಅದು ನಿಂತಿತೋ ಇಲ್ಲವೋ ಎನ್ನುವಷ್ಟರಲ್ಲಿ ಒಳಗೆ ಜೋಡಿಸಿಟ್ಟ ಸ್ಟೀಲಿನ ಲೋಟಗಳು ಶುರುಮಾಡುತ್ತವೆ, ಆಮೇಲೆ ಕಿಟಕಿಯ ಕೊಂಡಿ. ಸ್ವರ ಮುಂದೆ ಸಾಗಿದಂತೆ ಒಂದೊಂದಾಗಿ ಬಾಯಿಮುಚ್ಚುತ್ತವೆ. ಸಿನಿಮಾ ನೋಡುವಾಗ "ಸಬ್‌ವೂಫರ್ ಒಡೆದ ದನಿ" ಎಂದು ನಾವು ದೂರುವುದು ಎಷ್ಟೋ ಸಲ ಈ ಲೋಟಗಳ ದನಿಯನ್ನು. ಲೋಟಗಳ ನಡುವೆ ಕಾಗದ ಇಟ್ಟು, ಗಾಜಿನ ಅಂಚಿಗೆ ಫೆಲ್ಟಿನ ತುಂಡು ಅಂಟಿಸಿದರೆ ಸಾವಿರಾರು ರೂಪಾಯಿಯ ಸುಧಾರಣೆ ಆಗುತ್ತದೆ. ಅಮ್ಮನಿಗೆ ಮಾತ್ರ ಲೋಟಗಳು ಕಾಗದ ಸುತ್ತಿಕೊಂಡು ಕೂತದ್ದು ಇಂದಿಗೂ ಸರಿಬಂದಿಲ್ಲ.

ಮೈಕ್ ಇಲ್ಲದವರಿಗೆ ಹಳೆಯ ಉಪಾಯವೊಂದಿದೆ. ಸಬ್‌ವೂಫರನ್ನೇ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲಿ ಕೂರಿಸಿ, ಬಾಸ್ ಸ್ವರ ಹಾಕಿ, ನೀವು ಗೋಡೆಯ ಬುಡದಲ್ಲಿ ಅಂಬೆಗಾಲಿಡುತ್ತ ಹೋಗುವುದು. ಎಲ್ಲಿ ಹದವಾಗಿ ಕೇಳಿಸಿತೋ ಅಲ್ಲಿ ಪೆಟ್ಟಿಗೆ ಇಡುವುದು. ಶಬ್ದ ಹೊರಡುವ ಜಾಗವನ್ನೂ ಕೇಳುವ ಜಾಗವನ್ನೂ ಅದಲುಬದಲು ಮಾಡಿದರೂ ನಡುವಿನ ವ್ಯವಹಾರ ಬದಲಾಗುವುದಿಲ್ಲ, ಆದ್ದರಿಂದ ಉಪಾಯ ಸರಿಯಾದದ್ದೇ. ಆದರೆ ಅದು ಕೊಡುವುದು ಒಂದು ಕುರ್ಚಿಯ ಉತ್ತರವನ್ನು.

ರಿಸೀವರಿನ ಹಿಂಬದಿಯಲ್ಲಿ 5.2 ಅಥವಾ 7.2 ಎಂದು (ಚುಕ್ಕಿಯ ನಂತರದ 2 ಸಬ್‌ವೂಫರುಗಳ ಲೆಕ್ಕ) ಬರೆದಿರುವುದನ್ನು ನೋಡಿ, ಎರಡು ಸಬ್‌ವೂಫರಿಗೆ ಎರಡು ಬೇರೆ ಬೇರೆ ಶಬ್ದಗಳು ಬರುತ್ತವೆ ಎಂದು ತಿಳಿಯುವವರಿದ್ದಾರೆ. ಡಾಲ್ಬಿ ಡಿಜಿಟಲ್ ಎಂಬ ಧ್ವನಿ ವ್ಯವಸ್ಥೆ 1992ರಲ್ಲಿ ಚಿತ್ರಮಂದಿರಕ್ಕೆ ಬಂದಾಗಲೂ, ಈಗಲೂ, ಸಿನಿಮಾದ ಧ್ವನಿಪಥದಲ್ಲಿ ತಗ್ಗು ಪರಿಣಾಮಗಳಿಗೆಂದು ಮೀಸಲಾದ ಚಾನೆಲ್ ಒಂದೇ. ಅದು 120 ಹರ್ಟ್ಸಿನವರೆಗೆ ಮಾತ್ರ ಹೋಗುತ್ತದೆ. ಇದರ ಜೊತೆಗೆ ಸಣ್ಣ ಸ್ಪೀಕರುಗಳು ಹೊರಲಾರದ ತಗ್ಗು ಸ್ವರವನ್ನೂ ರಿಸೀವರ್ ಸಬ್‌ವೂಫರಿಗೆ ತಿರುಗಿಸುತ್ತದೆ. ಅದರ ಗಡಿಯನ್ನು ಸಾಮಾನ್ಯವಾಗಿ 80 ಹರ್ಟ್ಸಿಗೆ ಇಡುತ್ತಾರೆ. ಅದಕ್ಕಿಂತ ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗುರುತು ಹತ್ತುವುದು ಕಷ್ಟ. ಒಂದು ಪೆಟ್ಟಿಗೆ ಬೆನ್ನಹಿಂದೆ ಇದ್ದರೂ ಸ್ಫೋಟ ಪರದೆಯಲ್ಲೇ ಆದಂತೆ ಕೇಳಿಸುವುದು ಇದರಿಂದಲೇ. ನನ್ನ ಜೋಡಿಗೆ ಒಂದೇ ಸಂಕೇತ, ಒಂದೇ ಮಟ್ಟ, ಒಂದೇ ವಿಳಂಬ. ಸ್ವಯಂಚಾಲಿತ ವ್ಯವಸ್ಥೆಗೆ ಬಿಟ್ಟರೆ ಕೆಲವು ರಿಸೀವರುಗಳು ಹಿಂದಿನದು ಹತ್ತಿರದಲ್ಲಿದೆ ಎಂದು ಅದನ್ನು ತಡಮಾಡಿಸಿ, ಮಟ್ಟವನ್ನೂ ಇಳಿಸುತ್ತವೆ. ಬೇರೆ ಜೋಡಣೆಗಳಿಗೆ ಅದು ಸರಿಯಿರಬಹುದು. ಎದುರುಬದುರು ಗೋಡೆಯ ಜೋಡಣೆಯಲ್ಲಿ ಆ ಸಮಬಲವೇ ಮುಖ್ಯ.

ಬೆಲೆಯ ಮಾತು ಬಂದರೆ, ಒಂದೇ ಮಾದರಿಯ ಎರಡನ್ನು ಕೊಳ್ಳಬೇಕು ಎಂಬುದರಲ್ಲಿ ನಾನು ಹಟವಾದಿ. ಮುಚ್ಚಿದ ಪೆಟ್ಟಿಗೆಯದೊಂದು, ಗಾಳಿಕೊಳವೆ ಇರುವುದೊಂದು ಸೇರಿಸಿದರೆ ಕೆಳಗಿನ ಸ್ವರಗಳಲ್ಲಿ ಅವುಗಳ ಫೇಸ್ ಹೊಂದುವುದಿಲ್ಲ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಮಂಗಳೂರಿನ ಅಂಗಡಿಗಳಲ್ಲಿ ಒಂದು ದೊಡ್ಡದರ ಬೆಲೆಗೆ ಎರಡು ಮಧ್ಯಮ ಗಾತ್ರದವು ಸಿಗುವಂತಿದ್ದರೆ ಮನೆಮಂದಿ ಕೂಡಿ ನೋಡುವವರು ಎರಡನ್ನೇ ತರಲಿ. ಎರಡರಲ್ಲೂ ಕೋನಿನ ಅಂಚು ರಬ್ಬರಿನದೇ ಎಂದು ಬೆರಳಿನಿಂದ ಮುಟ್ಟಿ ನೋಡಲಿ. ಫೋಮಿನ ಅಂಚು ನಮ್ಮ ತೇವಕ್ಕೆ ಪುಡಿಯಾಗಿ ಉದುರುತ್ತದೆ. ಗಾಳಿಕೊಳವೆ ಇರುವುದನ್ನು ತಂದರೆ ಅದರೊಳಗೆ ಹಲ್ಲಿ ಸಂಸಾರ ಹೂಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಂದಿನ ಪೆಟ್ಟಿಗೆಗೆ ವಿದ್ಯುತ್ತನ್ನು ಬೇರೆ ಗೋಡೆಯ ಪ್ಲಗ್ಗಿನಿಂದ ಕೊಟ್ಟರೆ ಕೆಲವೊಮ್ಮೆ 50 ಹರ್ಟ್ಸಿನ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ; ಎರಡಕ್ಕೂ ಒಂದೇ ಕಡೆಯಿಂದ ತಂತಿ ಎಳೆಸುವುದು ಮೇಲು. ಹಿಂಗಾರಿನ ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡುವ ಅಭ್ಯಾಸ ನಮ್ಮ ಕಡೆಯವರಿಗೆ ಹೇಗೂ ಇದೆ. ಡಿಶ್ಶಿನ ಕೇಬಲನ್ನೂ ಬಿಚ್ಚಿಡಬೇಕು ಎಂಬುದನ್ನು ಮಾತ್ರ ಮರೆಯುತ್ತಾರೆ.

ಯಕ್ಷಗಾನದ ವಿಡಿಯೋ ಹಾಕಿ ಸಬ್‌ವೂಫರ್ ಪರೀಕ್ಷಿಸುವವರಿಗೆ ಒಂದು ಮಾತು: ಚೆಂಡೆಯ ಪೆಟ್ಟಿನ ಪ್ರಾಣ ಇರುವುದು 80 ಹರ್ಟ್ಸಿಗಿಂತ ಬಹಳ ಮೇಲೆ. ತೆಂಕುತಿಟ್ಟಿನ ಅಬ್ಬರಕ್ಕೆ ಈ ಪೆಟ್ಟಿಗೆಗಳಿಂದ ಆಗುವ ಉಪಕಾರ ಅಷ್ಟಕ್ಕಷ್ಟೇ.

ಎರಡು ಆಯಿತು, ನಾಲ್ಕು ಯಾವಾಗ ಎಂದು ಎಲೆಕ್ಟ್ರಿಷಿಯನ್ ಗೆಳೆಯ ಕೇಳುತ್ತಿರುತ್ತಾನೆ. ಸೋಫಾವನ್ನು ಹಿಂದಿನ ಗೋಡೆಯಿಂದ ಒಂದು ಮೀಟರ್ ಮುಂದೆ ತಂದದ್ದಕ್ಕೇ ಮನೆಯಲ್ಲಿ ಸಾಕಷ್ಟು ಮಾತು ಬೆಳೆದಿದೆ. ನಾಲ್ಕಿಡಬೇಕಾದರೆ ಪಕ್ಕದ ಗೋಡೆಗಳ ನಡುವೆ ಜಾಗ ಬೇಕು. ಬಲಗೋಡೆಯ ನಡುವೆ ಇರುವುದು ಅಡುಗೆಮನೆಯ ಬಾಗಿಲು. ಅಷ್ಟು ಹಣ ಕೈಯಲ್ಲಿದ್ದರೆ ನಾನು ಪರದೆಯ ಕೆಳಗಿನ ನಡುವಿನ ಸ್ಪೀಕರನ್ನು ಬದಲಿಸುತ್ತೇನೆ. ಸಿನಿಮಾದ ಮಾತುಗಳಲ್ಲಿ ಬಹುಪಾಲು ಬರುವುದು ಅದರಿಂದ. ಬಾಸ್ ಎಲ್ಲರಿಗೂ ಸಮವಾದ ಮೇಲೆ ಚಿಕ್ಕಮ್ಮನ ದೂರು ಈಗ ಅಲ್ಲಿಗೆ ತಿರುಗಿದೆ: ನಟರು ಪಿಸುಗುಟ್ಟುವುದು ತಮಗೆ ಅರ್ಥವಾಗುವುದಿಲ್ಲವಂತೆ.